ಒಳಗಿಂದ ತೆಗೆಯುವ ಬಾಗಿಲು

ನಮ್ಮ ಬೀದಿಯಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದವರು ಅವನ ಅಕ್ಕ ಮತ್ತು ಭಾವ ಮಾತ್ರ. ಅಕ್ಕ ಕರೆಯುತ್ತಿದ್ದದ್ದು ‘ಚಿಕ್ಕೋನೇ’ ಅಂತ, ಭಾವ ಕರೆಯುತ್ತಿದ್ದದ್ದು ‘ಲೋ’ ಅಂತ. ಹೀಗಾಗಿ ಆ ಹೆಸರು ಟ್ರಂಕಿನಲ್ಲಿ ಮಡಿಸಿಟ್ಟ ಕೋಟಿನ ಹಾಗೆ ಒಂದು ಸುಕ್ಕೂ ಇಲ್ಲದೆ ಹೊಸದಾಗಿಯೇ ಉಳಿಯಿತು. ಮಿಕ್ಕವರೆಲ್ಲ ಅವನನ್ನು ಒಳಗಣ್ಣ ಅನ್ನುತ್ತಿದ್ದೆವು.

ಆ ಹೆಸರು ಬಂದದ್ದು ಅವನ ಒಂದು ಚಾಳಿಯಿಂದ. ಕಾರುಗಳಿಗೆ ಸೆಂಟ್ರಲ್ ಲಾಕ್ ಕೂರಿಸುವುದು ಅವನ ಕೆಲಸ. ಒಂದು ಗುಂಡಿ ಒತ್ತಿದರೆ ಎಲ್ಲ ಬಾಗಿಲುಗಳೂ ‘ಟಕ್’ ಅಂತ ಒಟ್ಟಿಗೆ ಬೀಗ ಹಾಕಿಕೊಳ್ಳುತ್ತವಲ್ಲ, ಅದು. ಈಗಿನ ಕಾರುಗಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಹುಟ್ಟುತ್ತವೆ. ಹಳೆಯವಕ್ಕೆ ಹೊರಗಿಂದ ಕೂರಿಸಬೇಕು. ಕೆಲಸ ಮುಗಿದ ಮೇಲೆ ಒಳಗಣ್ಣ ಕಾರನ್ನು ಸುಮ್ಮನೆ ಕೊಟ್ಟು ಕಳಿಸುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಹೋಗಿ ಕೂತು, ಗಾಜುಗಳನ್ನೆಲ್ಲ ಏರಿಸಿ, ರಿಮೋಟ್ ಒತ್ತಿ ತನ್ನನ್ನು ತಾನೇ ಒಳಗೆ ಹಾಕಿಕೊಳ್ಳುತ್ತಿದ್ದ. ಆಮೇಲೆ ರಿಮೋಟನ್ನು ಮುಂದಿನ ಸೀಟಿಗೆ ಎಸೆದು, ಒಂದೊಂದೇ ಬಾಗಿಲನ್ನು ಬರಿಗೈಯಲ್ಲಿ ತೆಗೆದು ನೋಡುತ್ತಿದ್ದ. ಬಿಸಿಲು ಕಾಲದಲ್ಲಿ ಈಚೆ ಬರುವಾಗ ಒಗೆದು ಹಿಂಡಿದ ಬಟ್ಟೆಯ ಹಾಗಿರುತ್ತಿದ್ದ.

“ಒಳಗಣ್ಣ ಇದ್ದಾನಾ?” ಅಂತ ಯಾರಾದರೂ ಕೇಳಿದರೆ, ಪಕ್ಕದ ಪಂಕ್ಚರ್ ಅಂಗಡಿಯವನು ತಲೆ ಎತ್ತದೆ, “ಒಳಗಣ್ಣ ಒಳಗಿರದೆ ಇನ್ನೆಲ್ಲಿರ್ತಾನೆ?” ಅನ್ನುತ್ತಿದ್ದ.

ನಾನೂ ಒಂದು ಸಲ ಕೇಳಿದ್ದೆ, ಇದೇನಯ್ಯಾ ಸ್ವಯಂ ಲಾಕಪ್ಪು ಅಂತ. ಅವನು ನಗಲಿಲ್ಲ. “ಹೊರಗಿಂದ ಹಾಕೋದಕ್ಕೆ ಯಾವ ಬೀಗವಾದ್ರೂ ಆಗುತ್ತೆ ಸಾರ್. ಒಳಗಿರೋರು ತಮ್ಮ ಕೈಯಿಂದ್ಲೇ ತಕ್ಕೊಂಡು ಈಚೆ ಬರೋ ಹಾಗಿರಬೇಕು. ಇಲ್ಲಾಂದ್ರೆ ಅದು ಕಾರಲ್ಲ, ಡಬ್ಬ,” ಅಂದ.

ಅಂಗಡಿ ಅವನ ಭಾವನದು. ಸೀಟ್ ಕವರ್, ಮ್ಯಾಟ್, ಹಾರ್ನ್, ಸ್ಟೀರಿಂಗಿಗೆ ತೊಡಿಸುವ ಅಂಗಿ, ಹೀಗೆ ಕಾರಿಗೆ ಬೇಕಾದದ್ದೂ ಬೇಡವಾದದ್ದೂ ಎಲ್ಲ ಸಿಗುತ್ತಿದ್ದ ಉದ್ದನೆಯ ಕೋಣೆ. ಮುಂದೆ ಕೌಂಟರು, ಪಕ್ಕದಲ್ಲಿ ಕಾರು ನಿಲ್ಲಿಸುವಷ್ಟು ಸಂದಿ, ಮೇಲೆ ಅಟ್ಟ. ಅಟ್ಟದಲ್ಲಿ ರೆಕ್ಸಿನ್ ಸುರುಳಿಗಳು, ಸ್ಪಂಜಿನ ಹಾಳೆಗಳು, ಅವುಗಳ ನಡುವೆ ಒಳಗಣ್ಣನ ಮಂಚ. ಆ ಮನುಷ್ಯನ ಬಟ್ಟೆಗೆ, ಮೈಗೆ, ನಿದ್ದೆಗೂ ಕೂಡ ಹೊಸ ಕಾರಿನ ವಾಸನೆ ಇತ್ತು. ಇಲ್ಲದ್ದು ಕಾರು ಮಾತ್ರ.

ಅಪ್ಪ ಅಮ್ಮ ತೀರಿಕೊಂಡಾಗ ಅಕ್ಕ ಇನ್ನೂ ಚಿಕ್ಕವಳು, ಇವನು ಇನ್ನೂ ಚಿಕ್ಕವನು. ಅವಳೇ ಇವನಿಗೆ ಉಣ್ಣಿಸಿ, ತಲೆ ಬಾಚಿ, ಸ್ಕೂಲಿಗೆ ಎಳೆದುಕೊಂಡು ಹೋಗಿ ಬೆಳೆಸಿದ್ದು. ಮದುವೆಯಾಗಿ ಗಂಡನ ಮನೆಗೆ ಬರುವಾಗ ಅವಳ ಜೊತೆ ಬಂದ ಸಾಮಾನು ಎರಡೇ: ಒಂದು ಕಬ್ಬಿಣದ ಪೆಟ್ಟಿಗೆ, ಒಬ್ಬ ತಮ್ಮ. “ಪೆಟ್ಟಿಗೆಗೆ ಬೀಗ ಇತ್ತು, ಇವನ ಹೊಟ್ಟೆಗೆ ಇರಲಿಲ್ಲ,” ಅಂತ ಭಾವ ಗಿರಾಕಿಗಳ ಮುಂದೆಯೇ ಹೇಳಿ ಹೊಟ್ಟೆ ಕುಣಿಸುತ್ತಿದ್ದ. ದಪ್ಪನೆಯ ಆಳು, ಕೌಂಟರಿನ ಹಿಂದೆ ಅವನನ್ನು ಕೂರಿಸಿ ಆಮೇಲೆ ಗೋಡೆ ಕಟ್ಟಿದ್ದಾರೇನೋ ಅನ್ನಿಸುತ್ತಿತ್ತು. ಹೆಸರಿಗೆ ಭಾವ, ಆದರೆ ಭಾವನೆ ಅನ್ನುವುದು ಅವನ ಅಂಗಡಿಯಲ್ಲಿ ಸ್ಟಾಕ್ ಇಲ್ಲದ ಮಾಲು ಅಂತಲೇ ನಾವೆಲ್ಲ ತಿಳಿದಿದ್ದೆವು.

ಒಳಗಣ್ಣನಿಗೆ ಸಂಬಳ ಅಂತ ಗೊತ್ತುಮಾಡಿರಲಿಲ್ಲ. ಮನೆಯವನಿಗೆ ಎಂಥ ಸಂಬಳ? ಊಟ ಅಕ್ಕನ ಮನೆಯಿಂದ ಕ್ಯಾರಿಯರಿನಲ್ಲಿ ಬರುತ್ತಿತ್ತು. ಮಿಕ್ಕದ್ದಕ್ಕೆ ಅಕ್ಕನ ಒಂದು ಮಾತಿತ್ತು. “ಅವರ ಬಾಯಿ ಹಾಗೆ, ತಲೆ ಕೆಡಿಸ್ಕೋಬೇಡ. ಅವರ ಕೈಲಿ ಆಗದೇ ಹೋದಮೇಲೆ ಈ ಅಂಗಡಿ ನಿಂದೇ ಕಣೋ ಚಿಕ್ಕೋನೇ.” ಈ ಮಾತನ್ನು ಅವಳು ಅನ್ನದ ಮೇಲೆ ಸಾರು ಬಡಿಸಿದಷ್ಟು ಸಲೀಸಾಗಿ ಬಡಿಸುತ್ತಿದ್ದಳು. ಅವನು ಅಷ್ಟೇ ಸಲೀಸಾಗಿ ಕಲಸಿಕೊಂಡು ಉಣ್ಣುತ್ತಿದ್ದ.

ಆ ಮಾತನ್ನು ನಂಬಿಯೇ ಅವನು ಎದುರಿನ ಹಾರ್ನ್ ಅಂಗಡಿಯವನು ಪಾಲುದಾರನಾಗಿ ಬಾ ಅಂತ ಕೈ ಹಿಡಿದು ಕರೆದಾಗ ಒಲ್ಲೆ ಅಂದದ್ದು. ಅದನ್ನು ನಂಬಿಯೇ ಒಂದು ಮದುವೆಯನ್ನೂ ಕಳೆದುಕೊಂಡದ್ದು. ಹೆಣ್ಣಿನವರು ಬಂದು ಅಂಗಡಿ ಯಾರದು ಅಂದರು. “ನಮ್ಮದೇ,” ಅಂದ ಒಳಗಣ್ಣ. ಅವರು ಕೌಂಟರಿಗೆ ಹೋಗಿ ಅದೇ ಪ್ರಶ್ನೆ ಕೇಳಿದರು. “ನಂದು,” ಅಂದ ಭಾವ. ‘ನಮ್ಮದು’ ಮತ್ತು ‘ನಂದು’ ಇವುಗಳ ನಡುವಿನ ಸಂದಿಯಲ್ಲಿ ಹುಡುಗಿ ಹೊರಟುಹೋದಳು. ಅವತ್ತಿನಿಂದ ಒಳಗಣ್ಣನ ಮನಸ್ಸಿನಲ್ಲಿ ಲೆಕ್ಕ ತೀರ್ಮಾನವಾಗಿತ್ತು: ಕೊಡುವ ಕೈ ಅಕ್ಕನದು, ಹಿಡಿದಿಡುವ ಮುಷ್ಟಿ ಭಾವನದು. ಲಾಕ್ ಕೂರಿಸುವ ಕೈಗೆ ಲಕ್ಕೂ ಒಂದು ದಿನ ಕೂರುತ್ತದೆ, ಅಲ್ಲಿಯವರೆಗೆ ಕಾಯಬೇಕು, ಅಷ್ಟೇ.

ಭಾವನಿಗೂ ಅವನಿಗೂ ದಿನಾ ಜಗಳ ಆಗುತ್ತಿದ್ದದ್ದು ಕೇಬಲ್ ಬಾಗಿಲುಗಳ ವಿಷಯಕ್ಕೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ತೀರಾ ಹಳೆಯ ಕಾರುಗಳಲ್ಲಿ ಒಳಗಿನ ಲಾಕ್ ಗುಂಡಿಯಿಂದ ಬಾಗಿಲಿನ ಅಂಚಿನಲ್ಲಿರುವ ಕೊಂಡಿಯವರೆಗೆ ಗಟ್ಟಿಯಾದ ಒಂದು ಕಬ್ಬಿಣದ ಕಡ್ಡಿ ಇರುತ್ತದೆ. ಲಾಕನ್ನು ಎಳೆದು ತಳ್ಳುವ ಪುಟ್ಟ ಮೋಟರಿನ ಕಡ್ಡಿಯನ್ನು ಅದರ ಪಕ್ಕಕ್ಕೆ ಇಟ್ಟು ಸ್ಕ್ರೂ ಬಿಗಿದರೆ ಮುಗಿಯಿತು. ಎಳೆದರೂ ಕೇಳುತ್ತದೆ, ತಳ್ಳಿದರೂ ಕೇಳುತ್ತದೆ. ಆಮೇಲೆ ಬಂದ ಕೆಲವು ಕಾರುಗಳಲ್ಲಿ ಕಡ್ಡಿಯ ಬದಲು ಕೇಬಲ್. ಸೈಕಲ್ ಬ್ರೇಕಿನ ತಂತಿಯ ಹಾಗೆ, ಕೊಳವೆಯೊಳಗೆ ಸಣ್ಣ ತಂತಿ. ಎಳೆದರೆ ಬರುತ್ತದೆ, ತಳ್ಳಿದರೆ ಬಳುಕಿ ಕೂತುಬಿಡುತ್ತದೆ. ಅವಸರದ ಕೆಲಸಗಾರರು ಏನು ಮಾಡುತ್ತಾರೆಂದರೆ, ಕೊಳವೆಯನ್ನು ಒಂದಿಷ್ಟು ಕತ್ತರಿಸಿ, ತಂತಿಯನ್ನೇ ಮೋಟರಿಗೆ ಕ್ಲ್ಯಾಂಪು ಹಾಕಿ ಕಚ್ಚಿಸಿಬಿಡುತ್ತಾರೆ. ರಿಮೋಟ್ ಒತ್ತಿದರೆ ಚೆನ್ನಾಗಿಯೇ ಟಕ್ ಅನ್ನುತ್ತದೆ. ಆದರೆ ಆಮೇಲೆ ಮೋಟರಿನ ಭಾರವೆಲ್ಲ ಸದಾ ಆ ತಂತಿಯ ಮೇಲೆ. ಒಳಗೆ ಕೂತವರು ಕೈಯಿಂದ ಲಾಕ್ ತೆಗೆಯಲು ಹೋದರೆ ಉಗುರು ಕಿತ್ತು ಬರುತ್ತದೆ, ಲಾಕ್ ಬರುವುದಿಲ್ಲ. ಬ್ಯಾಟರಿ ಕೈಕೊಟ್ಟರಂತೂ ಕೂಗುವುದೇ ಗತಿ.

ಒಳಗಣ್ಣ ಕೇಬಲ್ಲನ್ನು ಮುಟ್ಟುತ್ತಿರಲಿಲ್ಲ. ಬಾಗಿಲಿನ ಒಳಗಡೆಯ ಪ್ಯಾಡು ಬಿಚ್ಚಿ, ಅದರ ಹಿಂದಿನ ಪ್ಲಾಸ್ಟಿಕ್ ಹಾಳೆ ಸುಲಿದು, ತೂತಿನೊಳಗೆ ಮೊಣಕೈವರೆಗೂ ತೋಳು ತೂರಿಸಿ, ಕಣ್ಣಿಗೆ ಕಾಣದ ಕೊಂಡಿಯನ್ನು ಬೆರಳಿನಲ್ಲೇ ಹುಡುಕುತ್ತಿದ್ದ. ಸೈಕಲ್ ಚಕ್ರದ ಕಡ್ಡಿಯನ್ನು ಬಗ್ಗಿಸಿ, ತುದಿಗೆ ಉದ್ದನೆಯ ಕಣ್ಣು ಮಾಡಿ, ಅದನ್ನು ಕೊಂಡಿಗೇ ಸಿಕ್ಕಿಸುತ್ತಿದ್ದ. ಮೋಟರ್ ಬೇಕೆಂದಾಗ ಎಳೆಯುತ್ತದೆ; ಮನುಷ್ಯ ಕೈ ಹಾಕಿದಾಗ ಕೊಂಡಿ ಆ ಉದ್ದ ಕಣ್ಣಿನೊಳಗೆ ಸುಮ್ಮನೆ ಜಾರಿ ದಾರಿ ಬಿಡುತ್ತದೆ. ಇದಕ್ಕೆ ಹೊತ್ತು ಹಿಡಿಯುತ್ತಿತ್ತು. ಮುಂಗೈ ತುಂಬ ತಗಡು ಗೀರಿದ ಗೆರೆಗಳು.

“ಲೋ, ಬಾಗಿಲಿಗೆ ಹೆರಿಗೆ ಮಾಡಿಸ್ತಾ ಇದ್ದೀಯೋ, ಲಾಕ್ ಹಾಕ್ತಾ ಇದ್ದೀಯೋ?” ಅಂತ ಭಾವ ಕೌಂಟರಿನಿಂದ ಕೂಗುತ್ತಿದ್ದ.

“ಬಂತು ಭಾವ, ತಲೆ ಕಾಣ್ತಾ ಇದೆ,” ಅನ್ನುತ್ತಿತ್ತು ಬಾಗಿಲೊಳಗಿನ ದನಿ.

ಬೈಯುತ್ತಿದ್ದ, ಹಂಗಿಸುತ್ತಿದ್ದ, ಆದರೆ ಕ್ಲ್ಯಾಂಪು ಹಾಕು ಅಂತ ಭಾವ ಒಂದು ದಿನವೂ ಹೇಳಲಿಲ್ಲ. ಇದನ್ನು ನಾವು ಗಮನಿಸಬೇಕಿತ್ತು. ಒಳಗಣ್ಣನಂತೂ ಗಮನಿಸಲಿಲ್ಲ.

ಹೀಗಿರುವಾಗ ಅಕ್ಕನ ಮಗಳಿಗೆ ಮದುವೆಯಾಯಿತು. ಬೀಗದ ಅಂಗಡಿಗೆ ಬೀಗರು ಬಂದರು; ಅಂಗಡಿ ಬೀಗಿತು. ಅಳಿಯ ಮೊಬೈಲ್ ಫೋನುಗಳ ವ್ಯಾಪಾರ ಮಾಡಿ ಕೈಬಿಟ್ಟವನು. ಮೆತ್ತನೆಯ ಮಾತು, ಗರಿಗರಿ ಶರ್ಟು. ಹೆಂಡತಿಯ ಸೋದರಮಾವ ಅಂತ ಒಳಗಣ್ಣನನ್ನೂ ‘ಮಾವ’ ಅಂತಲೇ ಕರೆದ. ಆಗಾಗ ಬಂದು ಕೌಂಟರಿನ ಹತ್ತಿರ ನಿಲ್ಲುತ್ತಿದ್ದವನು ಕೌಂಟರಿಗೆ ಒರಗಿದ, ಆಮೇಲೆ ಕೌಂಟರಿನ ಒಳಗೆ ಬಂದ. ಭಾವನಿಗೆ ಮಂಡಿನೋವು, ಬೆರಳುಗಳೆಲ್ಲ ಊತ. ಪಾಪ, ಸಹಾಯಕ್ಕೆ ಬರುತ್ತಾನೆ ಅಂದುಕೊಂಡ ಒಳಗಣ್ಣ. ಕೈಲಿ ಆಗದೇ ಹೋದಮೇಲೆ ಅಂತ ಅಕ್ಕ ಹೇಳಿದ್ದ ಕಾಲ ಇನ್ನೇನು ಬಂತು ಅಂತಲೂ ಅಂದುಕೊಂಡ. ಅಂಗಡಿಯ ಪಕ್ಕದ ಸಂದಿಗೆ ಶೀಟು ಹೊದಿಸಬೇಕು, ಕೆಲಸ ಮಾಡುವವರ ನೆತ್ತಿ ಸುಡುತ್ತದೆ ಅಂತ ನನ್ನ ಹತ್ತಿರ ಹೇಳಿದ. ಶೀಟಿನ ಬಣ್ಣವನ್ನೂ ಆರಿಸಿಟ್ಟಿದ್ದ.

ಅಳಿಯ ಒಂದು ಹಳೆಯ ಕಾರು ಕೊಂಡ. ಕೇಬಲ್ ಬಾಗಿಲಿನದು. ಗಾಜುಗಳಿಗೆಲ್ಲ ಕಪ್ಪು ಹಾಳೆ ಅಂಟಿಸಿದ್ದರು. ಹೊರಗಿನವರಿಗೆ ಒಳಗಿನವರು ಕಾಣುವುದಿಲ್ಲ. “ಮಾವ, ನಿಮ್ಮ ಕೈಯಿಂದ್ಲೇ ಲಾಕ್ ಆಗಬೇಕು,” ಅಂದ. ಒಳಗಣ್ಣ ಮನೆಯ ಕಾರು ಅಂತ ಎರಡು ಪಟ್ಟು ಶ್ರದ್ಧೆಯಿಂದ ಕೂತ.

ಮಧ್ಯಾಹ್ನದ ಹೊತ್ತು. ಕಾರು ಸಂದಿಯಲ್ಲಿತ್ತು. ಮಿಕ್ಕ ಬಾಗಿಲುಗಳು ಮುಗಿದು, ಗೋಡೆ ಕಡೆಯ ಹಿಂದಿನ ಬಾಗಿಲೊಂದು ಪ್ಯಾಡಿಲ್ಲದೆ ಅಸ್ಥಿಪಂಜರದ ಹಾಗೆ ನಿಂತಿತ್ತು. ಅದನ್ನು ಮುಚ್ಚಿಕೊಂಡು, ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಮಲಗಿ, ತೋಳನ್ನು ತೂತಿಗೆ ತೂರಿಸಿ, ಅವನು ಕೊಂಡಿ ಹುಡುಕುತ್ತಿದ್ದ. ಪ್ಯಾಡು ಬಿಚ್ಚಿದ ಬಾಗಿಲು ಬಾಗಿಲಲ್ಲ, ಜರಡಿ. ಸ್ಪೀಕರ್ ಕೂರಿಸುವ ದೊಡ್ಡ ತೂತು ಅವನ ಕಿವಿಯ ಎದುರಿಗೇ ಇತ್ತು. ಗೋಡೆಯ ನೆರಳಿಗೆ ಅಂತ ಯಾರೋ ಬಂದು ನಿಂತರು. ಕ್ಯಾರಿಯರಿನ ಹಿಡಿ ಕಿರುಗುಟ್ಟಿತು. ಅಕ್ಕ. ಹಿಂದೆಯೇ ಭಾವನ ಏದುಸಿರು.

“ಬೇಡ ಕಣೇ,” ಅನ್ನುತ್ತಿದ್ದ ಭಾವ. “ನೀನೇ ತಾನೇ ಅವನಿಗೆ ಮಾತು ಕೊಟ್ಟಿದ್ದು? ನಾನು ಬಾಯಿಬಿಟ್ಟು ಕೊಡ್ತೀನಿ ಅಂದೋನಲ್ಲ. ಆದ್ರೂ ಹೇಳ್ತೀನಿ, ಅಂಗಡಿ ಅವನದ್ದು. ಅವನ ಮೈ ತೇದು ನಡೆದಿರೋದು ಇದು. ಅಳಿಯನಿಗೆ ಬೇರೆ ಏನಾದ್ರೂ ನೋಡೋಣ.”

“ಬೇರೆ ಏನು ನೋಡ್ತೀರ? ನಿಮ್ಮ ಮಂಡಿಗೆ ಎಣ್ಣೆ ಹಚ್ಚೋದೇ ಆಯ್ತು ನನಗೆ. ಮಗಳ ಜೀವನದ ಪ್ರಶ್ನೆ ರೀ.”

“ಅವನ ಜೀವನ?”

“ಅವನಿಗೇನು ಹೆಂಡ್ತಿಯಾ, ಮಕ್ಕಳಾ? ಅಟ್ಟದಲ್ಲಿ ಮಂಚ ಇದೆ, ಊಟ ನಾನು ಹಾಕ್ತೀನಿ. ಮೊದಲಿನ ಹಾಗೇ ಇರ್ತಾನೆ.”

“ಬಿಟ್ಟು ಹೋದ್ರೆ?”

ಕ್ಯಾರಿಯರನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ ಸದ್ದು. “ಅವನಾ?” ಅಂದಳು ಅಕ್ಕ. ಬೈದ ದನಿಯಲ್ಲ, ಬೆಳೆಸಿದವಳ ದನಿ, ಮುದ್ದಿನ ದನಿಯೇ. “ಎಲ್ಲಿಗೆ ಹೋಗ್ತಾನೆ?”

ಇದನ್ನೆಲ್ಲ ಅವನು ನನಗೆ ಹೇಳಿದ್ದು ಬಹಳ ಕಾಲವಾದ ಮೇಲೆ. ಹೇಳುವಾಗ ಅವನಿಗೆ ಬೇಜಾರಾಗಿದ್ದದ್ದು ಅಂಗಡಿ ಹೋದದ್ದಕ್ಕಲ್ಲ. “ಬೈಬೇಕಾದೋರನ್ನ ಬಿಟ್ಟು ಇಷ್ಟು ವರ್ಷ ಬೇರೆಯೋರನ್ನ ಬೈಕೊಂಡಿದ್ನಲ್ಲ ಸಾರ್. ಅದೂ ದಂಡ ಆಯ್ತು,” ಅಂದ.

ಅವರು ಅಂಗಡಿಯೊಳಗೆ ಹೋದಮೇಲೂ ಅವನ ತೋಳು ಬಾಗಿಲಿನೊಳಗೇ ಇತ್ತು. ಕೊಂಡಿ ಬೆರಳಿಗೆ ಸಿಕ್ಕಿತ್ತು. ಪಕ್ಕದಲ್ಲಿ ಕ್ಲ್ಯಾಂಪಿನ ಪೊಟ್ಟಣವೂ ಬಿದ್ದಿತ್ತು. ಮೋಟರಿನ ಜೊತೆ ಕಂಪನಿಯವರು ಹಾಕಿಕೊಡುವಂಥದ್ದು. ಕತ್ತರಿಸಿ ಕಚ್ಚಿಸಿಬಿಟ್ಟರೆ ಅಳಿಯ ಒಂದಲ್ಲ ಒಂದು ದಿನ ತನ್ನ ಕಪ್ಪು ಗಾಜಿನ ಹಿಂದೆ ಕೂತು ಬೆವರುತ್ತಾನೆ. ಪೊಟ್ಟಣವನ್ನು ಕೈಗೆ ತೆಗೆದುಕೊಂಡು ನೋಡಿದನಂತೆ. “ಕೈ ಬರಲಿಲ್ಲ ಸಾರ್. ಒಳ್ಳೇತನ ಅಲ್ಲ. ಅಭ್ಯಾಸ ಇರಲಿಲ್ಲ, ಅಷ್ಟೇ.” ಕಡ್ಡಿ ಬಗ್ಗಿಸಿ ಕಣ್ಣು ಮಾಡಿ ಸಿಕ್ಕಿಸಿದ. ಪ್ಯಾಡು ಕೂರಿಸಿದ. ರಿಮೋಟ್ ಒತ್ತಿ ಒಳಗೆ ಹಾಕಿಕೊಂಡ. ಬರಿಗೈಯಲ್ಲಿ ಎಲ್ಲ ಬಾಗಿಲು ತೆಗೆದು ನೋಡಿದ. ಎಲ್ಲವೂ ಬೆಣ್ಣೆಯ ಹಾಗೆ ತೆರೆದುಕೊಂಡವು.

ಈಚೆ ಬಂದಾಗ ಅಕ್ಕ ಎದುರಿಗಿದ್ದಳು. “ಅಯ್ಯೋ, ಒಳಗೇ ಇದ್ದೆಯೇನೋ? ಎಷ್ಟು ಹೊತ್ತಿಂದ?”

“ಈಗ ತಾನೇ ಹೋದೆ.”

“ಊಟ ಆರಿಹೋಗುತ್ತೆ, ಬಾ.”

ಉಂಡ. ಉಪ್ಪು ಸರಿ ಇದೆಯಾ ಅಂದಳು. ಸರಿ ಇದೆ ಅಂದ.

ಸಂಜೆ ಕೈ ತೊಳೆದು ಬೀದಿ ದಾಟಿ ಹಾರ್ನ್ ಅಂಗಡಿಗೆ ಹೋದ. ಆ ಅಂಗಡಿಯವನು ಬಹಳ ಪ್ರೀತಿಯಿಂದ ಕೂರಿಸಿ ಚಾ ತರಿಸಿದ. ಅಷ್ಟು ಪ್ರೀತಿ ಕಂಡಾಗಲೇ ಒಳಗಣ್ಣನಿಗೆ ಉತ್ತರ ಗೊತ್ತಾಯಿತು. “ಆಗ ಕರೆದಾಗ ಬರಬೇಕಿತ್ತಪ್ಪ ನೀನು. ಈಗ ಯಾವ ಕಾರಿಗೆ ಲಾಕ್ ಹಾಕ್ತೀಯ? ನನ್ನ ಹಾರ್ನೇ ಯಾರೂ ಕೇಳಲ್ಲ. ಇನ್ನೊಂದೈದು ವರ್ಷ, ಆಮೇಲೆ ನಾನೂ ಚಾ ಮಾರ್ತೀನಿ.” ಇನ್ನೂ ಒಂದೆರಡು ಕಡೆ ಹೋಗಿಬಂದ. ಒಬ್ಬರು ವಯಸ್ಸು ಕೇಳಿದರು, ಇನ್ನೊಬ್ಬರು ಕಂಪ್ಯೂಟರ್ ಹಚ್ಚಿ ದೋಷ ಹುಡುಕಲು ಬರುತ್ತದಾ ಅಂದರು. ಎಲ್ಲಿಗೆ ಹೋಗ್ತಾನೆ ಅಂದಿದ್ದಳಲ್ಲ ಅಕ್ಕ, ಅವನು ನಿಜವಾಗಿಯೂ ಹೋಗಿ ನೋಡಿದ. ಅವಳು ಹೇಳಿದ್ದು ಸರಿಯಾಗಿತ್ತು. ಅಟ್ಟ ಹತ್ತಿ ಮಲಗಿದ.

ಅಂಗಡಿಗೆ ಹೊಸ ಬೋರ್ಡು ಬಂತು. ಸಂದಿಗೆ ಶೀಟೂ ಬಂತು, ಬೇರೆ ಬಣ್ಣದ್ದು. ಅಳಿಯ ಕೌಂಟರಿನಲ್ಲಿ, ಭಾವ ಹೊರಗೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ. ಗೋಡೆ ಒಡೆಯದೆ ಅವನನ್ನು ಅಲ್ಲಿಂದ ಹೇಗೆ ತೆಗೆದರೋ! ಅಂಗಡಿ ಅಳಿಯನ ಹೆಸರಿಗೆ ಹೋದ ವಿಷಯವನ್ನು ಅಕ್ಕ ತಮ್ಮನಿಗೆ ಹೇಳಿದ್ದು ಊಟ ಬಡಿಸುವಾಗಲೇ, ಅದೇ ಸಲೀಸಿನಲ್ಲಿ: “ನಿಮ್ಮ ಭಾವ ಕೇಳಲೇ ಇಲ್ಲ ಕಣೋ.” ಅವನು, “ಹೂಂ, ಅವರ ಸ್ವಭಾವ ಗೊತ್ತಲ್ಲ,” ಅಂದ.

ಅಳಿಯ ಮೆತ್ತಗೆ ಹೇಳಿದ. “ಮಾವ, ಕೇಬಲ್ ಗಾಡಿಗೆ ಅಷ್ಟು ಹೊತ್ತು ಬೇಡ. ಎಲ್ಲರೂ ಕ್ಲ್ಯಾಂಪೇ ಹಾಕೋದು. ಮತ್ತೆ ಒಳಗೆ ಕೂತು ಚೆಕ್ ಮಾಡೋದು ನೋಡಿದ್ರೆ ಗಿರಾಕಿಗಳು ಹೆದರ್ತಾರೆ.”

ಜಗಳ ಆಗುತ್ತದೆ ಅಂತ ಪಂಕ್ಚರ್‌ನವನು ಕಿವಿ ನಿಮಿರಿಸಿದ. ಒಳಗಣ್ಣ, “ಆಗಲಿ,” ಅಂದ. ಅಷ್ಟೇ. ಅವತ್ತಿನಿಂದ ಕಡ್ಡಿ ಬಗ್ಗಿಸಲಿಲ್ಲ, ಕಾರಿನೊಳಗೆ ಕೂರಲಿಲ್ಲ. ಒಳಗಣ್ಣ ಹೊರಗಣ್ಣನಾದ ಅಂತ ಬೀದಿಯವರು ನಕ್ಕರು. ಮುಂಗೈಯ ಗೀರುಗಳು ಒಂದೊಂದಾಗಿ ಮಾಯ್ದವು. ಅದನ್ನು ನೋಡುವುದು ಮಾತ್ರ ಯಾಕೋ ಕಷ್ಟವಾಗುತ್ತಿತ್ತು.

ನನ್ನ ಹಳೆಯ ಕಾರಿಗೆ, ಅದೂ ಕೇಬಲ್ ಬಾಗಿಲಿನದೇ, ಲಾಕ್ ಹಾಕಿಸಿದ್ದು ಆಗಲೇ. ರಾತ್ರಿ ಬಾಗಿಲುಗಳಿಗೆಲ್ಲ ಬೀಗ ಬಿದ್ದಿದೆಯೋ ಇಲ್ಲವೋ ಅಂತ ಕಾರಿಗೆ ಸುತ್ತು ಹಾಕಿ ಹಾಕಿ ನನ್ನಾಕೆಗೆ ಸಾಕಾಗಿತ್ತು. ಕೆಲಸ ಬೇಗ ಮುಗಿಯಿತು. ಹಿಂದೆ ಹೊತ್ತು ಹೋಗುತ್ತಿತ್ತಲ್ಲ ಅಂದುಕೊಂಡೆ, ಆದರೆ ಬಾಯಿ ಬಿಡಲಿಲ್ಲ. ಅಳಿಯ ರಿಮೋಟ್ ಒತ್ತಿ ತೋರಿಸಿದ, ಕಾರು ಕುಂಯ್ ಅಂತು, ರಿಮೋಟನ್ನು ನನ್ನ ಕೈಗಿಟ್ಟು ಅವನು ಫೋನು ಬಂತೆಂದು ಒಳಗೆ ಹೋದ.

ಆಗ ಭಾವ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದ. ಏದುಸಿರು ಬಿಡುತ್ತ ಬಂದು, ನನ್ನ ಕಾರಿನ ಹಿಂದಿನ ಬಾಗಿಲು ತೆಗೆದು, ಮೊದಲು ಒಂದು ಮಂಡಿ, ಆಮೇಲೆ ಹೊಟ್ಟೆ, ಆಮೇಲೆ ಇನ್ನೊಂದು ಮಂಡಿ, ಹೀಗೆ ಕಂತುಗಳಲ್ಲಿ ಒಳಗೆ ಸೇರಿಕೊಂಡ. ಬಾಗಿಲು ಎಳೆದುಕೊಂಡ. “ರಿಮೋಟ್ ಒತ್ತಿ,” ಅಂತ ಗಾಜಿನಾಚೆಯಿಂದ ನನಗೆ ಸನ್ನೆ ಮಾಡಿದ. ಒತ್ತಿದೆ. ಟಕ್.

ಒಳಗಣ್ಣ ಪಕ್ಕದಲ್ಲೇ ಸ್ಕ್ರೂಗಳನ್ನು ಡಬ್ಬಿಗೆ ಹಾಕುತ್ತಿದ್ದ. ನೋಡಿದ. ಕೈ ನಿಂತಿತು.

ಭಾವ ತನ್ನ ಊದಿದ ಬೆರಳುಗಳಿಂದ ಲಾಕ್ ಗುಂಡಿ ತಳ್ಳಿದ. ಬರಲಿಲ್ಲ. ಎರಡೂ ಕೈ ಹಾಕಿದ. ಬರಲಿಲ್ಲ. ಜರುಗಿ ಆ ಕಡೆಯ ಬಾಗಿಲಿಗೆ ಹೋದ. ಕಾರು ದೋಣಿಯ ಹಾಗೆ ವಾಲಿತು. ಅದೂ ಬರಲಿಲ್ಲ. ಹಣೆಯ ಬೆವರು ಒರೆಸಿಕೊಂಡು ಗಾಜು ಬಡಿದ. ನಾನು ರಿಮೋಟ್ ಎತ್ತುವಷ್ಟರಲ್ಲಿ ಒಳಗಣ್ಣ ಕೈ ಅಡ್ಡ ಹಿಡಿದ. ನನ್ನಿಂದ ರಿಮೋಟ್ ಇಸಕೊಂಡು, ಸ್ವಲ್ಪ ಹೊತ್ತು ಭಾವನ ಮುಖವನ್ನೇ ನೋಡುತ್ತ ನಿಂತು, ಆಮೇಲೆ ಒತ್ತಿದ. ಬಾಗಿಲನ್ನು ಹೊರಗಿಂದ ತಾನೇ ತೆಗೆದ.

“ಒಳಗಿಂದ ತೆಗೆಯೋಕೇ ಆಗ್ತಿಲ್ವಲ್ಲೋ,” ಅಂದ ಭಾವ.

“ಹೌದು ಭಾವ,” ಅಂದ ಒಳಗಣ್ಣ. “ಎಲ್ಲಿಗೆ ಹೋಗ್ತೀರ?”

ನನಗೆ ಆಗ ಅದು ಬರೀ ಒರಟು ಮಾತು ಅನ್ನಿಸಿತು. ಭಾವನಿಗೆ ಹಾಗನ್ನಿಸಲಿಲ್ಲ. ಒಂದು ಕಾಲು ಹೊರಗೆ, ಮಿಕ್ಕ ಮೈ ಒಳಗೆ, ಹಾಗೆಯೇ ಕೂತುಬಿಟ್ಟ. ಸಂದಿಯ ಗೋಡೆಯ ಕಡೆ ನೋಡಿದ, ಒಳಗಣ್ಣನ ಕಡೆ ನೋಡಿದ. ಮುಖದಿಂದ ಏನೋ ಇಳಿದುಹೋಯಿತು.

“ಅವತ್ತು...” ಅಂದ.

ಒಳಗಣ್ಣ ಸ್ಕ್ರೂ ಡಬ್ಬಿಯ ಮುಚ್ಚಳ ಹಾಕಿದ.

“ನಾನು ಹೇಳಿದ್ದೂ ಕೇಳಿಸ್ತೇನೋ?”

“ಕೇಳಿಸ್ತು.”

“ಮತ್ತೆ?”

“ಅಂಗಡಿ ನಿಮ್ಮ ಹೆಸರಲ್ಲೇ ಇತ್ತಲ್ಲ ಭಾವ ಆಗ.”

ಭಾವ ಮಿಕ್ಕ ಕಾಲನ್ನೂ ಈಚೆ ಎಳೆದುಕೊಂಡು ಕಾರಿನಿಂದ ಇಳಿದು, “ಬಿಚ್ಚು. ಹಳೇ ತರಾನೇ ಹಾಕು,” ಅಂದ. ಹಿಂದಿನ ದನಿ, ಕೌಂಟರಿನ ದನಿ.

“ಓನರ್‌ನ ಕೇಳಿ.”

ಕೌಂಟರಿನಲ್ಲಿ ಅಳಿಯ ಫೋನಿನಲ್ಲಿ ನಗುತ್ತಿದ್ದ. ಭಾವ ಅತ್ತ ಹೋಗಲಿಲ್ಲ. ಬೆಂಚಿನ ಮೇಲಿದ್ದ ಪ್ಯಾಡು ಬಿಚ್ಚುವ ಚಪ್ಪಟೆ ಕಡ್ಡಿಯನ್ನು ಕೈಗೆ ತೆಗೆದುಕೊಂಡು, ಆ ಮಂಡಿಗಳನ್ನು ನೆಲಕ್ಕೆ ಊರಿ, ನನ್ನ ಕಾರಿನ ಬಾಗಿಲಿನ ಮುಂದೆ ಕೂತ. ಒಂದು ಜೀವಮಾನ ಅಂಗಡಿ ನಡೆಸಿದವನು, ಒಂದು ಪ್ಯಾಡನ್ನೂ ಬಿಚ್ಚಿದವನಲ್ಲ. ಮೇಲಿನ ಮೂಲೆಗೆ ಕಡ್ಡಿ ಚುಚ್ಚಿ ಮೀಟಿದ. ಕ್ಲಿಪ್ಪು ಪಟ್ಟನೆ ಮುರಿಯಿತು. ಪಕ್ಕದ್ದಕ್ಕೆ ಹಾಕಿದ. ಅದೂ ಮುರಿಯಿತು.

ಒಳಗಣ್ಣ ಅಂಗೈ ಒರೆಸಿಕೊಳ್ಳುತ್ತ ನೋಡಿದ. ಕಡ್ಡಿಗಾಗಿ ಕೈ ಚಾಚುತ್ತಾನೆ ಅಂತ ನಾನು ಕಾದೆ. ಭಾವನೂ ಕಾದ ಅಂತ ಕಾಣುತ್ತದೆ. ಅರೆಗಳಿಗೆ ಕೈ ತಡೆದ.

“ಕೆಳಗಿಂದ ಶುರು ಮಾಡಿ,” ಅಂದ ಒಳಗಣ್ಣ. ಅಂದವನು ಬೀದಿ ದಾಟಿ ಚಾ ಕುಡಿಯಲು ಹೋದ.